ಒಳಗೆ ಯಾರಿದ್ದೀರಿ

"ಬಾಗಿಲು ಬಡಿದು, ಒಳಗೆ ಯಾರಿದ್ದೀರಿ ಅಂತ ಕೇಳ್ತಾರೆ. ಯಾರೂ ಇಲ್ಲ ಅಂದುಬಿಡಿ. ಅಷ್ಟೇ. ಇನ್ನೊಂದು ಮಾತು ಬೇಡ."

ಎದುರುಗಡೆ ಇಸ್ತ್ರಿ ಅಂಗಡಿಯ ಅಕ್ಕ ಬಂದು ಹೀಗೆ ಹೇಳಿದಾಗ ದರ್ಜಿ ತನ್ನ ಹೊಲಿಗೆ ಮಿಷಿನ್ನನ್ನು ಗಾಡಿಯಿಂದ ಇಳಿಸುತ್ತಿದ್ದ. ಹೊಸ ಮನೆ, ಹೊಸ ಬೀದಿ. ಮುಂದಿನ ಕೋಣೆ ಅಂಗಡಿಗೆ, ಹಿಂದಿನ ಎರಡು ಸಂಸಾರಕ್ಕೆ. ಬೆವರು ಒರೆಸಿಕೊಳ್ಳುತ್ತಾ ಅವನು ನಕ್ಕ.

"ಯಾರೂ ಇಲ್ಲ ಅಂತ ಹೇಳೋದು ಯಾರಕ್ಕಾ ಮತ್ತೆ? ನನ್ನ ಮಿಷಿನ್ನಾ?"

ಗಾಡಿಯವನೂ ನಕ್ಕ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ ದರ್ಜಿಯ ಹೆಂಡತಿಯೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಅಕ್ಕ ಮಾತ್ರ ನಗಲಿಲ್ಲ. ಅವಳ ಮೈಯಿಂದ ಗಂಜಿಯ, ಕಾದ ಬಟ್ಟೆಯ ವಾಸನೆ ಬರುತ್ತಿತ್ತು. ಅದರ ಅಡಿಯಲ್ಲಿ ಇನ್ನೇನೋ ಒಂದು, ಕೂದಲು ಸುಟ್ಟ ಹಾಗೆ.

"ನಗು ಬಂದ್ರೆ ನಕ್ಕೊಳ್ಳಿ," ಅಂದಳು. "ನಕ್ಕಾದ ಮೇಲೆ ಇಲ್ಲ ಅನ್ನಿ."

ಬೀದಿ ಒಂದು ಎತ್ತರದ ಗೋಡೆಗೆ ಹೋಗಿ ಮುಗಿಯುತ್ತಿತ್ತು. ಗೋಡೆಯ ಮೇಲೆ ತಂತಿ, ತಂತಿಯ ಮೇಲೆ ಹಗಲೂ ಆರದ ದೀಪಗಳು. ಗೋಡೆಯಾಚೆಗಿನ ಮನೆಯನ್ನು ಯಾರೂ ಪೂರ್ತಿ ನೋಡಿರಲಿಲ್ಲ. ಕೊನೆಮನೆ ಅನ್ನುತ್ತಿದ್ದರು ಅಷ್ಟೇ. ಅಲ್ಲಿದ್ದವರು ಸಾಹೇಬರು. ಅವರು ಏನು ಸಾಹೇಬರು, ಯಾವ ಖಾತೆ, ಈಗಲೂ ಅಧಿಕಾರದಲ್ಲಿದ್ದಾರೋ ಇಲ್ಲವೋ, ಕೇಳಿದರೆ ಬೀದಿಯವರು ಭುಜ ಹಾರಿಸುತ್ತಿದ್ದರು. ದೊಡ್ಡವರು. ಗೊತ್ತಾಗಬೇಕಾದದ್ದು ಅಷ್ಟು.

ಬೀದಿಯ ಬಾಯಿಗೆ ಅಡ್ಡಗಂಬ. ಅಡ್ಡಗಂಬದ ಪಕ್ಕ ಬಂದೂಕಿನವರು. ಬರುವವರು, ಹೋಗುವವರು ಎಲ್ಲರೂ ಕೈ ಎತ್ತಿ ನಿಲ್ಲಬೇಕು. ದರ್ಜಿಯ ಹೆಂಡತಿ ತಂದ ತರಕಾರಿ ಚೀಲವನ್ನು ದಿನವೂ ಬುಡಮೇಲು ಮಾಡುತ್ತಿದ್ದರು. ಟೊಮೆಟೊ ಉರುಳಿಕೊಂಡು ಹೋಗಿ ಚರಂಡಿ ಸೇರುತ್ತಿದ್ದವು. ಗೋಡೆಯ ಕಡೆಗಿನ ಕಿಟಕಿ ತೆರೆಯುವ ಹಾಗಿಲ್ಲ. ಸಾಹೇಬರ ಕಾರು ಹೊರಡುವಾಗ ಮೊಬೈಲು ಸತ್ತುಹೋಗುತ್ತಿತ್ತು, ಅಂಗಡಿಯ ಶಟರು ಇಳಿಯಬೇಕಿತ್ತು, ಬೀದಿಯಲ್ಲಿದ್ದವರು ಗೋಡೆಗೆ ಮುಖ ಮಾಡಿ ನಿಲ್ಲಬೇಕಿತ್ತು. ಮೊದಲು ಬೂಟಿನ ಸದ್ದು. ಆಮೇಲೆ ನಾಯಿಗಳು. ಆಮೇಲೆ ಸೈರನ್ನು, ಕಿವಿಯೊಳಗೆ ದಬ್ಬಳ ಹಾಕಿ ತಿರುಗಿಸಿದ ಹಾಗೆ. ಎಲ್ಲ ಮುಗಿದ ಮೇಲೆ ಬೀದಿ ತುಂಬ ಡೀಸೆಲ್ ಹೊಗೆ, ಮತ್ತು ಆ ಹೊಗೆಯೊಳಗೆ ಒಂದು ಮಗುವಿನ ಅಳು.

ಅಳುತ್ತಿದ್ದದ್ದು ದರ್ಜಿಯ ಮಗಳು, ಪುಟ್ಟಿ. ಇನ್ನೂ ಅಂಬೆಗಾಲು. ಕಷ್ಟಪಟ್ಟು ಮಲಗಿಸಿದರೆ ಸೈರನ್ನಿಗೆ ಬೆಚ್ಚಿ ಎದ್ದು, ಉಸಿರು ಕಟ್ಟುವ ಹಾಗೆ ಅಳುತ್ತಿದ್ದಳು. ಬೀದಿಯಲ್ಲಿ ಬೇರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಶಟರು ಇಳಿಸು ಅಂದರೆ ಇಳಿಸುತ್ತಿದ್ದರು. ಏಳು ಅಂದರೆ ಏಳುತ್ತಿದ್ದರು. ಅವರ ಮುಖಗಳಲ್ಲಿ ಸಿಟ್ಟು ಹುಡುಕಿ ದರ್ಜಿ ಸೋತ. ಅವೆಲ್ಲ ಬಹಳ ಸಲ ಒಗೆದ ಬಟ್ಟೆಯ ಹಾಗಿದ್ದವು.

ಕಾರು ಹೊರಡುವ ಮೊದಲು ಒಬ್ಬ ಕಾವಲಿನವನು ಮನೆಮನೆಯ ಬಾಗಿಲು ಬಡಿಯುತ್ತಾ ಬರುತ್ತಿದ್ದ. ಕಪ್ಪು ಕನ್ನಡಕ, ದಪ್ಪ ಮೀಸೆ. ದರ್ಜಿ ಅವನಿಗೆ ಕನ್ನಡಕಪ್ಪ ಅಂತ ಹೆಸರಿಟ್ಟಿದ್ದ.

"ಒಳಗೆ ಯಾರಿದ್ದೀರಿ?"

"ಯಾರೂ ಇಲ್ಲ."

ಮುಂದಿನ ಬಾಗಿಲು. "ಒಳಗೆ ಯಾರಿದ್ದೀರಿ?"

"ಯಾರೂ ಇಲ್ಲಪ್ಪಾ."

ಮುದುಕರು, ಮಕ್ಕಳು, ಬಾಣಂತಿಯರು, ಎಲ್ಲರದೂ ಅದೇ ಉತ್ತರ. ಒಳಗೆ ಕುಕ್ಕರ್ ಕೂಗುತ್ತಿದ್ದರೂ ಯಾರೂ ಇಲ್ಲ. ಟೀವಿ ಒದರುತ್ತಿದ್ದರೂ ಯಾರೂ ಇಲ್ಲ. "ಶಾಲೆ ಹಾಜರಿ ಉಲ್ಟಾ ಆಯ್ತಲ್ಲೇ," ಅಂತ ದರ್ಜಿ ಹೆಂಡತಿಗೆ ಹೇಳಿ ನಗುತ್ತಿದ್ದ. ಅವಳು ಮಾತ್ರ ಒಲೆ ಮುಂದಿನಿಂದಲೇ ಕೂಗಿಬಿಡುತ್ತಿದ್ದಳು, "ಯಾರೂ ಇಲ್ಲ!"

ಹೀಗೇ ನಡೆದಿದ್ದರೆ ನಡೆದುಬಿಡುತ್ತಿತ್ತು.

ಆ ಮಧ್ಯಾಹ್ನ ಪುಟ್ಟಿಗೆ ಜ್ವರ ಬಿಟ್ಟು ಆಗಷ್ಟೇ ಕಣ್ಣು ಹತ್ತಿತ್ತು. ದರ್ಜಿ ಮದುವೆ ಮನೆಯೊಂದರ ಬಟ್ಟೆಗಳನ್ನು ಗಂಟು ಕಟ್ಟಿ ಕೊಡಲು ಹೊರಟಿದ್ದ. ಅಡ್ಡಗಂಬದ ಹತ್ತಿರ ಗಂಟು ಬಿಚ್ಚಿಸಿದರು. ರೇಷ್ಮೆ, ಜರಿ, ಗುಂಡಿ ಹೊಲಿದ ರವಿಕೆಗಳು, ಒಂದೊಂದನ್ನೇ ಕೊಡವಿ ರಸ್ತೆಗೆ ಎಸೆದರು. ನಾಯಿ ಮೂಸಿತು. ಒಂದರ ಮೇಲೆ ಬೂಟು ಬಿತ್ತು. ಅವನು ಅದನ್ನೆಲ್ಲ ಬಾಚಿಕೊಂಡು ವಾಪಸ್ ಬಂದು ಕೂತನೋ ಇಲ್ಲವೋ, ಸೈರನ್ನು ಪರೀಕ್ಷೆಗೆಂದು ಒಮ್ಮೆ ಅರಚಿತು. ಪುಟ್ಟಿ ಎದ್ದಳು. ಅಳು. ಜ್ವರದಲ್ಲಿ ಒಡೆದ ಗಂಟಲಿನ ಅಳು.

ಬಾಗಿಲು ಬಡಿದ ಸದ್ದು.

"ಒಳಗೆ ಯಾರಿದ್ದೀರಿ?"

ಒಲೆ ಮುಂದಿನಿಂದ ಹೆಂಡತಿ ಬಾಯಿ ತೆರೆಯುವ ಮೊದಲೇ ದರ್ಜಿ ಎದ್ದುಹೋಗಿ ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತೆರೆದ.

"ಕಿವಿ ಇಲ್ವೇನಯ್ಯಾ ನಿಂಗೆ? ಅಳ್ತಿರೋದು ಕೇಳಿಸ್ತಿಲ್ವಾ? ನಾನಿದ್ದೀನಿ. ನನ್ನ ಹೆಂಡ್ತಿ ಇದ್ದಾಳೆ. ನನ್ನ ಮಗಳಿದ್ದಾಳೆ. ಹೋಗಿ ಹೇಳು ನಿಮ್ಮ ಸಾಹೇಬ್ರಿಗೆ!"

ಕನ್ನಡಕಪ್ಪ ಕನ್ನಡಕ ತೆಗೆದ. ಅವನ ಕಣ್ಣುಗಳನ್ನು ದರ್ಜಿ ಕಂಡದ್ದು ಅದೇ ಮೊದಲು. ಸಿಟ್ಟಿರಲಿಲ್ಲ. ತಲೆಯ ಮೇಲಿನ ಹೊರೆ ಇಳಿಸಿದವನ ಕಣ್ಣು.

"ಥ್ಯಾಂಕ್ಸ್ ಅಣ್ಣಾ," ಅಂದ, ಮೆಲ್ಲಗೆ.

ಮತ್ತೆ ಮುಂದಿನ ಬಾಗಿಲು ಬಡಿಯಲಿಲ್ಲ. ನೇರ ಗೋಡೆಯ ಕಡೆಗೆ ನಡೆದುಹೋದ. ಎದುರುಗಡೆ ಇಸ್ತ್ರಿ ಅಕ್ಕ ಮೇಜಿನ ಮೇಲೆ ಎರಡೂ ಕೈ ಊರಿ, ತಲೆ ಬಗ್ಗಿಸಿ ನಿಂತಿದ್ದಳು. ಬೀದಿಯಲ್ಲಿ ಕಿಟಕಿಗಳು ಒಂದಾದ ಮೇಲೊಂದು ಮುಚ್ಚಿಕೊಂಡವು.

ಆಮೇಲೆ ಕಾರುಗಳು ಬಂದವು. ಸೈರನ್ನು ಮನೆಯ ತಗಡು, ಪಾತ್ರೆ, ಕತ್ತರಿ ಎಲ್ಲವನ್ನೂ ನಡುಗಿಸಿಕೊಂಡು ಹಾದುಹೋಯಿತು. ದರ್ಜಿ ಹಲ್ಲು ಕಚ್ಚಿ ಮಗಳ ಅಳು ಜೋರಾಗುವುದನ್ನು ಕಾದ.

ಇಲ್ಲ.

ಒಳಗೆ ಹೋಗಿ ನೋಡಿದ. ಪುಟ್ಟಿ ನಿದ್ದೆ ಹೋಗಿದ್ದಳು. ಸೊಂಪಾದ ನಿದ್ದೆ.

"ನೋಡ್ದ್ಯಾ? ಜೋರು ಮಾಡಿದ್ದಕ್ಕೆ ಮಗೂಗೂ ಧೈರ್ಯ ಬಂತು," ಅಂದ ದರ್ಜಿ. ಹೆಂಡತಿ ಮಗುವಿನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಇಬ್ಬರೂ ಬಹಳ ದಿನಗಳ ಮೇಲೆ ಊಟವನ್ನು ನಿಧಾನವಾಗಿ ಮಾಡಿದರು.

ಅಂದಿನಿಂದ ಪುಟ್ಟಿ ಅಳಲಿಲ್ಲ. ಸೈರನ್ನಿಗೆ ಬೆಚ್ಚಲಿಲ್ಲ. ಬಿದ್ದರೂ ಅಳಲಿಲ್ಲ, ಎದ್ದು ಕೂತು ನೆಲವನ್ನು ನೋಡುತ್ತಿದ್ದಳು. ಎಂಥ ಒಳ್ಳೆಯ ಮಗು ಅಂತ ಗಿರಾಕಿಗಳು ಕೆನ್ನೆ ಗಿಲ್ಲುತ್ತಿದ್ದರು. ಕನ್ನಡಕಪ್ಪ ಬಾಗಿಲು ಬಡಿಯುವುದನ್ನೂ ನಿಲ್ಲಿಸಿದ್ದ. ಇನ್ನೊಂದು ಸುದ್ದಿಯೂ ಬೀದಿಯಲ್ಲಿ ಕಿಟಕಿಯಿಂದ ಕಿಟಕಿಗೆ ಓಡಾಡಿತು. ಇಷ್ಟು ದಿನ ಆಳುಗಳು ಹೊತ್ತು ತಂದು ಕಾರಿನಲ್ಲಿ ಕೂರಿಸಬೇಕಾಗಿದ್ದ ಸಾಹೇಬರು ಈಗ ತಾವಾಗಿಯೇ ನಡೆದು ಬರುತ್ತಿದ್ದಾರಂತೆ. ದರ್ಜಿ ಅದನ್ನು ಕೇಳಿಸಿಕೊಂಡು ದಾರ ಪೋಣಿಸುತ್ತಾ ಕೂತ. ಅವನಿಗೇನು?

ಒಂದು ಬೆಳಿಗ್ಗೆ ಹೆಂಡತಿ ಬಚ್ಚಲುಮನೆಯಿಂದ ಕರೆದಳು. ಕೂಗಲಿಲ್ಲ. ಅದಕ್ಕೇ ಅವನು ಕತ್ತರಿ ಬಿಟ್ಟು ಓಡಿದ್ದು.

"ಇಲ್ಲಿ ಬನ್ನಿ. ಇದೇನು ನೋಡಿ."

ಮಗುವಿನ ಹಿಮ್ಮಡಿಯಲ್ಲಿ ಒಂದು ಹೊಳೆಯುವ ಚುಕ್ಕೆ. ಗುಂಡುಪಿನ್ನಿನ ತಲೆ. ಪಿನ್ನು ಪೂರ್ತಿ ಒಳಗಿತ್ತು. ಸುತ್ತ ಕೆಂಪಗೆ ಊದಿ, ಕೀವು ಕಟ್ಟಿ, ಹುಳಿ ವಾಸನೆ ಬರುತ್ತಿತ್ತು. ಎಂದು ಚುಚ್ಚಿತ್ತೋ. ಪುಟ್ಟಿ ನೀರಿನಲ್ಲಿ ಕೈ ಬಡಿಯುತ್ತಾ ನಗುತ್ತಿದ್ದಳು.

ದರ್ಜಿ ಪಿನ್ನು ಎಳೆದ. ಅವಳು ನಗುತ್ತಲೇ ಇದ್ದಳು.

ಅವನು ಅವಳ ಪಾದ ಚಿವುಟಿದ. ನಕ್ಕಳು. ಕಾಲು ಚಿವುಟಿದ. ನಕ್ಕಳು. ತೊಡೆ ಚಿವುಟಿದ, ಉಗುರು ಮೂಡುವ ಹಾಗೆ. ಮಗು ಅವನ ಮುಖ ನೋಡಿ, ಅಪ್ಪ ಏನೋ ಆಟ ಆಡುತ್ತಿದ್ದಾನೆಂದು ಕೇಕೆ ಹಾಕಿತು. ಹೆಂಡತಿ ಅವನ ಕೈ ಹಿಡಿದುಕೊಂಡಳು.

"ಸಾಕು. ಸಾಕು ಬಿಡ್ರೀ."

ಡಾಕ್ಟರು ಮಂಡಿಗೆ ಸುತ್ತಿಗೆ ತಟ್ಟಿ ನೋಡಿದರು, ಸೂಜಿ ಆಡಿಸಿ ನೋಡಿದರು. ಇಂಥದ್ದು ನೋಡಿಲ್ಲ, ದೊಡ್ಡ ಆಸ್ಪತ್ರೆಗೆ ತೋರಿಸಿ ಅಂದರು. ಅಲ್ಲಿಯೂ ಅದೇ ಮಾತು. ಬರುವಾಗ ಅಡ್ಡಗಂಬದ ಹತ್ತಿರ ಮಗುವಿನ ಬಟ್ಟೆಯನ್ನೂ ಬಿಚ್ಚಿ ನೋಡಿದರು. ದರ್ಜಿ ಮಗುವನ್ನು ಹೆಂಡತಿಯ ಕೈಗೆ ಕೊಟ್ಟು ನೇರ ಇಸ್ತ್ರಿ ಅಂಗಡಿಗೆ ಹೋದ.

ಅಕ್ಕ ಪೆಟ್ಟಿಗೆಯ ಕೆಂಡ ಊದುತ್ತಿದ್ದಳು. ತಲೆ ಎತ್ತಲಿಲ್ಲ.

"ಎಲ್ಲಿವರೆಗೆ ಬಂತು?"

"ತೊಡೆ ದಾಟಿದೆ," ಅಂದ ದರ್ಜಿ. "ಏನಕ್ಕಾ ಇದು?"

ಅವಳು ಉತ್ತರದ ಬದಲು ಇಸ್ತ್ರಿಪೆಟ್ಟಿಗೆಯನ್ನು ಮಗುಚಿ, ಕಾದ ತಳದ ಮೇಲೆ ತನ್ನ ಎಡ ಅಂಗೈಯನ್ನು ಇಟ್ಟಳು. ಚರ್ ಅಂದಿತು. ಕೂದಲು ಸುಟ್ಟ ವಾಸನೆ ಎದ್ದಿತು. ಮೊದಲ ದಿನ ಅವಳ ಮೈಯಿಂದ ಬಂದದ್ದು ಇದೇ. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ತೆಗಿ ಅಕ್ಕಾ! ತೆಗಿ!"

"ಕಾದಿದ್ಯೋ ಇಲ್ವೋ ಅಂತ ಮೂಗಲ್ಲೇ ತಿಳ್ಕೋಬೇಕು ನಾನು," ಅಂದಳು, ಕೈ ಎತ್ತಿ ಸೀರೆಗೆ ಒರೆಸಿಕೊಳ್ಳುತ್ತಾ. "ಸಾಹೇಬ್ರಿಗೆ ಯಾರೋ ಮಾಟ ಮಾಡ್ಸಿದಾರೆ. ಮರಗಟ್ಟೋ ಮಾಟ. ಕೈಯೋ ಕಾಲೋ, ತುದಿಯಿಂದ ಜೋಮು ಹತ್ತುತ್ತೆ, ಇಳಿಯಲ್ಲ. ಕಿತ್ತು ಹಾಕೋಕೆ ಯಾರಿಗೂ ಆಗ್ಲಿಲ್ಲ. ಯಾವನೋ ಮಂತ್ರವಾದಿ ದಾರಿ ತೋರ್ಸಿದ. ಹೊಸ್ತಿಲಾಚೆ ನಿಂತು ಕೇಳಿ, ಯಾರು ಇದ್ದೀವಿ ಅಂತಾರೋ ಅವ್ರ ಮೇಲೆ ಇಳಿಸ್ಬಿಡಿ ಅಂತ. ಒಂದಿಷ್ಟು ಇಳಿಸ್ತಾರೆ, ಅವರಿಗೆ ಆರಾಮ. ಮತ್ತೆ ಬೆಳೆಯುತ್ತೆ. ಮತ್ತೆ ಬರ್ತಾರೆ ಕೇಳ್ಕೊಂಡು."

"ಮೂರು ಜನಾನೂ ಹೇಳಿದ್ನಲ್ಲ ನಾನು. ಮಗೂಗೇ ಯಾಕೆ?"

"ಬಾಯಲ್ಲಿ ಕೊನೆಗೆ ಯಾರು ಬಂದ್ರೋ ಅವ್ರ ಮೇಲೆ ಕೂರುತ್ತೆ."

ದರ್ಜಿ ಮೇಜನ್ನು ಹಿಡಿದುಕೊಂಡ. ನಾನಿದ್ದೀನಿ. ನನ್ನ ಹೆಂಡ್ತಿ ಇದ್ದಾಳೆ. ನನ್ನ ಮಗಳಿದ್ದಾಳೆ.

"ನಂದು ದೊಡ್ಡ ಮೈ. ಕೈಗೇ ಸಾಕಾಯ್ತು ಅದಕ್ಕೆ," ಅಂದಳು ಅಕ್ಕ. "ಅಷ್ಟೇ ಜೋಮು ಮಗುವಿನ ಮೈಯಲ್ಲಿ ಎಲ್ಲಿವರೆಗೆ ಹೋಗುತ್ತೋ. ಎದೆಗೆ ಬಂದ್ರೆ, ಉಸಿರಾಡ್ಬೇಕು ಅನ್ನೋದೂ ಮರ್ತುಹೋಗುತ್ತೆ."

"ಬೀದಿ ಬಿಟ್ಟು ಹೋಗ್ತೀವಿ. ಇವತ್ತೇ."

"ಹೋದೋರಿದ್ದಾರೆ. ಅದೂ ಜೊತೆಗೇ ಹೋಯ್ತು."

ಕೆಂಡ ಚಟಪಟ ಅಂದಿತು. ಅಕ್ಕ ಬೀದಿಯ ಕಡೆ ನೋಡಿ ದನಿ ತಗ್ಗಿಸಿದಳು.

"ವಾಪಸ್ ಕೊಡೋಕೆ ಒಂದೇ ದಾರಿ. ಅವ್ರ ಹೊಸ್ತಿಲಾಚೆ ನಿಂತು ನಾವು ಕೇಳ್ಬೇಕು. ಅವ್ರು ನಾನಿದ್ದೀನಿ ಅನ್ಬೇಕು. ಹೊಸ್ತಿಲು ಮಾತ್ರ ದಾಟ್ಬಾರ್ದು, ದಾಟಿದ್ರೆ ನಾವೂ ಒಳಗಿರೋರ ಲೆಕ್ಕಕ್ಕೆ ಸೇರ್ತೀವಿ. ಇಷ್ಟು ಬಂದೂಕು, ಇಷ್ಟು ನಾಯಿ, ಈ ಗೋಡೆ, ಇದೆಲ್ಲ ಯಾತಕ್ಕೆ ಅಂದ್ಕೊಂಡಿದ್ದೆ? ಕಳ್ಳರಿಗಾ? ನಮ್ಮಂಥೋರು ಯಾರೂ ಹೋಗಿ ಆ ಒಂದು ಮಾತು ಕೇಳ್ಬಾರ್ದು ಅಂತ."

ದಾರಿ ಇಲ್ಲದವನಿಗೆ ದಾರಿಯನ್ನು ಕೊನೆಮನೆಯೇ ಕಳಿಸಿತು. ಕನ್ನಡಕಪ್ಪ ಒಂದು ಕೋಟು ತಂದು ಮೇಜಿನ ಮೇಲಿಟ್ಟ.

"ಸಾಹೇಬ್ರು ಈಗ ತೋಟದಲ್ಲಿ ಓಡಾಡ್ತಾರೆ. ಊಟ ಮೈಗೆ ಹತ್ತಿದೆ. ಕಂಕುಳಲ್ಲಿ ಬಿಗಿ ಅಂತೆ, ಸ್ವಲ್ಪ ಸಡಿಲ ಮಾಡಿ."

ಒಳಗಿನ ಕೋಣೆಯಲ್ಲಿ ಪುಟ್ಟಿ ಮಲಗಿದ್ದಳು. ಜೋಮು ಹೊಟ್ಟೆಗೆ ಬಂದಿತ್ತು. ಹಸಿವಾಗುವುದನ್ನೂ ಅವಳು ಮರೆತಿದ್ದಳು. ಹೆಂಡತಿ ಚಮಚದಿಂದ ಹಾಲು ಸುರಿದು, ನುಂಗುವವರೆಗೆ ಗಂಟಲು ಸವರುತ್ತಾ ಕೂತಿರುತ್ತಿದ್ದಳು. ದರ್ಜಿ ಕೋಟನ್ನು ತಿರುಗಿಸಿ, ಬ್ಲೇಡು ತೆಗೆದುಕೊಂಡು, ಕನ್ನಡಕಪ್ಪ ನೋಡುತ್ತಿದ್ದ ಹಾಗೆಯೇ ಎರಡೂ ತೋಳುಗಳ ಹೊಲಿಗೆಯನ್ನು ಪರ್ರನೆ ಬಿಚ್ಚಿಹಾಕಿದ. ಆಮೇಲೆ ಸದ್ಯಕ್ಕೆ ನಿಲ್ಲುವಷ್ಟು ಕಚ್ಚಾ ಹೊಲಿಗೆ ಹಾಕಿ ತೋಳುಗಳನ್ನು ನಿಲ್ಲಿಸಿದ.

"ಇನ್ನು ಮೈ ಮೇಲೆ ಹಾಕಿ ನೋಡ್ದೆ ತೋಳು ಕೂಡ್ಸೋಕಾಗಲ್ಲ. ಟ್ರಯಲ್ ಬೇಕು."

ಕನ್ನಡಕಪ್ಪ ಅವನನ್ನೇ ನೋಡಿದ. ಒಳಕೋಣೆಯ ಕಡೆಗೊಮ್ಮೆ ನೋಡಿದ. ಬೇಡ ಅನ್ನಲಿಲ್ಲ.

ಗೋಡೆಯ ಬಾಗಿಲಲ್ಲಿ ಕತ್ತರಿ ಇಸಿದುಕೊಂಡರು. ಪಿನ್ನುಗಳನ್ನು ಇಸಿದುಕೊಂಡರು. ಬೆಲ್ಟು, ಚಪ್ಪಲಿ, ಸೀಮೆಸುಣ್ಣ. ಕೊರಳಿನ ಟೇಪು ಒಂದನ್ನು ಬಿಟ್ಟರು. ಬಾಯಿ ತೆರೆಸಿ ನಾಲಿಗೆಯ ಕೆಳಗೂ ಬ್ಯಾಟರಿ ಹಾಕಿ ನೋಡಿದರು. ಏನೂ ಸಿಗಲಿಲ್ಲ.

"ಒಳಗೆ ಮಾತಿಲ್ಲ. ಅಳತೆ ತಗೋ, ಬಾ," ಅಂದರು.

ಉದ್ದ ಓಣಿ. ಹೊರಗೆ ಉರಿಬಿಸಿಲು, ಇಲ್ಲಿ ಕತ್ತಲು. ಕಿಟಕಿಗೆಲ್ಲ ದಪ್ಪ ಪರದೆ. ಔಷಧದ ವಾಸನೆ, ಹಳೆಯ ಕಾರ್ಪೆಟ್ಟಿನ ವಾಸನೆ, ಅದೆಲ್ಲದರ ಹಿಂದೆ ಮಳೆಗೆ ನೆನೆದು ಕೊಳೆತ ಮರದ ವಾಸನೆ. ಎಲ್ಲೋ ಜನರೇಟರು ಗುಂಯ್ ಅನ್ನುತ್ತಿತ್ತು. ಬರಿಗಾಲಿನ ಕೆಳಗೆ ಕಲ್ಲು ತಣ್ಣಗಿತ್ತು. ಆ ತಂಪು ಅಂಗಾಲಿಗೆ ಗೊತ್ತಾಗುತ್ತಿದೆ ಅಂತ ದರ್ಜಿ ಪ್ರತಿ ಹೆಜ್ಜೆಗೂ ನೋಡಿಕೊಂಡ. ಹಿಂದೆ ಕನ್ನಡಕಪ್ಪನ ಬೂಟು.

ಕೊನೆಯ ಕೋಣೆ. ಬಾಗಿಲು ತೆರೆದಿತ್ತು. ಒಳಗೆ ಯಾರೋ ಬೆನ್ನು ಹಾಕಿ ನಿಂತಿದ್ದರು.

ಹೊಸ್ತಿಲು.

ದರ್ಜಿ ನಿಂತ. ತೋಳಿನ ಮೇಲೆ ಕೋಟು. ಬೆನ್ನ ಹಿಂದೆ ಬೂಟಿನ ಸದ್ದೂ ನಿಂತಿತು. ಈಗ ಕೇಳದಿದ್ದರೆ ಇನ್ನಿಲ್ಲ. ಕೇಳಿದ.

"ಒಳಗೆ ಯಾರಿದ್ದೀರಿ?"

ಅವನ ಧ್ವನಿ ಅವನಿಗೇ ಬೇರೆ ಯಾರದೋ ಅನ್ನಿಸಿತು. ಹಿಂದಿನಿಂದ ಕೈ ಬಂದು ಬಾಯಿ ಮುಚ್ಚುತ್ತದೆ ಅಂದುಕೊಂಡ. ಬರಲಿಲ್ಲ. ಕನ್ನಡಕಪ್ಪ ಉಸಿರು ಬಿಗಿಹಿಡಿದದ್ದು ಮಾತ್ರ ಕೇಳಿಸಿತು.

ಒಳಗಿನಿಂದ ಒಂದು ನಗು. ದಪ್ಪ, ಆರಾಮದ ನಗು.

"ಇದೆಂಥ ಪ್ರಶ್ನೆಯಯ್ಯಾ? ನನ್ನ ಮನೇಲಿ ಯಾರಿರ್ತಾರೆ? ನಾನಿದ್ದೀನಿ."

ಅಂದರು! ಅಂದುಬಿಟ್ಟರು. ಈಗ ಓಡಬೇಕು. ಹಿಂದಕ್ಕೆ, ಓಣಿಯ ಉದ್ದಕ್ಕೆ, ಬಿಸಿಲಿಗೆ.

ಸಾಹೇಬರು ತಿರುಗಲಿಲ್ಲ. ಎರಡೂ ತೋಳುಗಳನ್ನು ಹಿಂದಕ್ಕೆ ಚಾಚಿದರು, ಕೋಟು ತೊಡಿಸಿಕೊಳ್ಳುವವರು ಚಾಚುವ ಹಾಗೆ.

ಗಿರಾಕಿ ಹಾಗೆ ತೋಳು ಚಾಚಿದರೆ ದರ್ಜಿಯಾದವನು ಯೋಚನೆ ಮಾಡುವುದಿಲ್ಲ. ಕಲಿಯುವಾಗಲೇ ಮೈಗೆ ಹತ್ತಿದ್ದು ಅದು. ಕೈ ಕೋಟನ್ನು ಬಿಡಿಸಿತು, ಕತ್ತುಪಟ್ಟಿಯನ್ನು ಹಿಡಿಯಿತು. ಕಾಲು ತಾನಾಗಿ ಎದ್ದಿತು. ಹೊಸ್ತಿಲು ದಾಟಿತು. ಅವನು ಸಾಹೇಬರ ಬೆನ್ನ ಹಿಂದೆ ನಿಂತು ಬಲ ತೋಳನ್ನು ಏರಿಸಿ, ಎಡ ತೋಳನ್ನು ಏರಿಸಿ, ಭುಜದ ಮೇಲೆ ಕೋಟನ್ನು ಕೂರಿಸಿದ ಮೇಲೆಯೇ ಅವನಿಗೆ ತಾನೆಲ್ಲಿದ್ದೇನೆ ಅನ್ನುವುದು ಗೊತ್ತಾದದ್ದು.

ಸಾಹೇಬರು ಕತ್ತು ಹೊರಳಿಸಿ ಅವನನ್ನು ನೋಡಿದರು. ಪ್ರೀತಿಯಿಂದಲೇ ನೋಡಿದರು.

"ನಾನಿದ್ದೀನಿ," ಅಂದರು ಮತ್ತೊಮ್ಮೆ, ನಿಧಾನವಾಗಿ. "ಈಗ ನೀನೂ ಇದ್ದೀಯ."

ಬಾಗಿಲಲ್ಲಿ ಕನ್ನಡಕಪ್ಪ ಮುಖ ತಿರುಗಿಸಿದ.

ಕೋಟಿನ ಬಟ್ಟೆ ಒಳ್ಳೆಯ ಉಣ್ಣೆಯದು. ಅದರ ಮೇಲಿದ್ದ ದರ್ಜಿಯ ಬೆರಳ ತುದಿಗೆ ಮೊದಲು ಆ ನವಿರು ಹೋಯಿತು. ಆಮೇಲೆ ಬಿಸಿ ಹೋಯಿತು. ಆಮೇಲೆ ಬಟ್ಟೆಯೇ ಹೋಯಿತು. ಅಂಗೈ. ಮಣಿಕಟ್ಟು. ಮೊಣಕೈ. ನೋವಿಲ್ಲ, ಉರಿಯಿಲ್ಲ. ದೀಪ ಆರಿಸುತ್ತಾ ಯಾರೋ ಕೋಣೆಯಿಂದ ಕೋಣೆಗೆ ನಡೆದುಹೋದ ಹಾಗೆ.

"ಕಂಕುಳು ಈಗ ಸರಿಯಾಯ್ತು ಕಣಯ್ಯಾ," ಅಂದರು ಸಾಹೇಬರು.

ಅವನನ್ನು ಯಾರೂ ತಡೆಯಲಿಲ್ಲ. ಗೋಡೆಯ ಬಾಗಿಲಲ್ಲಿ ಕತ್ತರಿ ವಾಪಸ್ ಕೊಟ್ಟರು, ಅದು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಮತ್ತೆ ಕೊಟ್ಟರು, ಮತ್ತೆ ಬಿತ್ತು. ಅವನು ಅದನ್ನು ಅಲ್ಲೇ ಬಿಟ್ಟು ನಡೆದ.

ಅರ್ಧ ಬೀದಿಯಲ್ಲೇ ಕೇಳಿಸಿತು. ಅಳು. ಗಂಟಲು ಹರಿಯುವ ಅಳು, ಹಸಿವಿನ ಅಳು, ಕೀವಾದ ಹಿಮ್ಮಡಿಯ ಅಳು, ಇಷ್ಟು ದಿನದ್ದೆಲ್ಲ ಒಟ್ಟಿಗೆ. ಅಂಗಡಿಗಳ ಕಿಟಕಿಗಳು ಒಂದೊಂದೇ ತೆರೆದವು. ಇಸ್ತ್ರಿ ಅಕ್ಕ ಬೀದಿಗೆ ಬಂದು ನಿಂತಿದ್ದಳು. ಅವಳು ನೋಡಿದ್ದು ದರ್ಜಿಯ ಮುಖವನ್ನಲ್ಲ, ನೇತುಬಿದ್ದ ಅವನ ಕೈಗಳನ್ನು. ನೋಡಿ ಒಳಗೆ ಹೋದಳು.

ಹೆಂಡತಿ ಬಾಗಿಲಲ್ಲೇ ಇದ್ದಳು. ನಗುತ್ತಿದ್ದಳು, ಅಳುತ್ತಿದ್ದಳು, ಮೂಗು ಸುರಿಯುತ್ತಿತ್ತು.

"ಕೇಳಿಸ್ತೇನ್ರೀ? ಹಾಲು ಕುಡಿದ್ಳು! ಕಾಲು ಮುಟ್ಟಿದ್ರೆ ಒದೀತಾಳೆ! ಏನ್ ಮಾಡಿದ್ರಿ ಅಲ್ಲಿ? ತಗೊಳ್ಳಿ, ಎತ್ಕೊಳ್ಳಿ."

ಅವನಿಗೆ ಸಂತೋಷವಾಗಬೇಕಿತ್ತು. ಸಂತೋಷ ಇರಬೇಕಾದ ಜಾಗವನ್ನು ಅವನು ಹುಡುಕಿದ, ಕತ್ತಲೆ ಮನೆಯಲ್ಲಿ ಸ್ವಿಚ್ಚು ತಡಕಿದ ಹಾಗೆ. ಅವಳು ಮಗುವನ್ನು ಅವನ ತೋಳುಗಳಲ್ಲಿಟ್ಟಳು. ಮಗು ಮುಖ ಕೆಂಪಗೆ ಮಾಡಿಕೊಂಡು, ಬಾಯಿ ಪೂರ್ತಿ ತೆರೆದು ಅಳುತ್ತಿತ್ತು. ತೂಕ ಗೊತ್ತಾಗಲಿಲ್ಲ. ಬಿಸಿ ಗೊತ್ತಾಗಲಿಲ್ಲ. ಕಣ್ಣು ಕೆಳಗೆ ಮಾಡಿ ನೋಡಿದರೆ ಮಾತ್ರ, ಹೌದು, ಮಗಳು ಅಲ್ಲಿದ್ದಳು.

"ಹೆದರ್ಕೊಂಡಿದ್ದಾಳೆ ಪಾಪ. ಎದೆಗೆ ಒತ್ಕೊಳ್ರೀ," ಅಂದಳು ಹೆಂಡತಿ.

ದರ್ಜಿ ತಲೆ ಎತ್ತಿ ಅವಳನ್ನು ನೋಡಿದ.

"ಒತ್ಕೊಂಡಿದ್ದೀನಾ?" ಅಂತ ಕೇಳಿದ.